ನೋಟಿಸ್ ಮರೆತು ಸೋತ ಕೇಸು

ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಯಾಗಿ, ನೀರು ಕೆಡಿಸಿದವರ ಮೇಲೆ ನಾನು ಹಾಕಿದ ಮೊದಲ ಕೇಸು ಬಿದ್ದುಹೋಯಿತು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ಮೋರಿಯಲ್ಲಿ ನೀಲಿ ನೀರು, ಮುಟ್ಟಿದರೆ ಬೆಚ್ಚಗಿತ್ತು. ಹಳ್ಳಕ್ಕೆ ಬಿಡುವ ನೀರಿನ ಬಿಒಡಿ, ಅಂದರೆ ಅದರಲ್ಲಿನ ಕೊಳೆಯನ್ನು ಬ್ಯಾಕ್ಟೀರಿಯಾ ತಿನ್ನಲು ಬೇಕಾಗುವ ಆಮ್ಲಜನಕದ ಅಳತೆ, ಲೀಟರಿಗೆ 30 ಮಿಲಿಗ್ರಾಂ ದಾಟಬಾರದು. ಇಲ್ಲಿ ಅದರ ಎಷ್ಟೋ ಪಟ್ಟು ಜಾಸ್ತಿ ಬಂದಿತ್ತು. ಗೆದ್ದೇ ಬಿಟ್ಟೆ ಅಂದುಕೊಂಡಿದ್ದೆ.

ಎದುರು ವಕೀಲರು ಬಿಒಡಿ ಸುದ್ದಿಗೇ ಬರಲಿಲ್ಲ. "ಸ್ಯಾಂಪಲ್ ಪರೀಕ್ಷೆಗೆ ಕಳಿಸ್ತೀವಿ ಅಂತ ಸ್ಥಳದಲ್ಲೇ ನೋಟಿಸ್ ಕೊಟ್ರಾ?" ಎಂದರು. ಬಾಯಲ್ಲಿ ಹೇಳಿದ್ದೆ, ಕಾಗದ ಕೊಟ್ಟಿರಲಿಲ್ಲ. 1974ರ ಜಲ ಕಾಯ್ದೆಯ 21ನೇ ಕಲಂ ಹೇಳಿದ ಕ್ರಮ ತಪ್ಪಿದರೆ ರಿಪೋರ್ಟ್ ಸಾಕ್ಷಿಯಾಗಿ ನಿಲ್ಲುವುದಿಲ್ಲ.

ಈಗ ಬಾಟಲಿ ಮುಚ್ಚಳ ತೆಗೆಯುವ ಮೊದಲೇ ನೋಟಿಸ್ ಕೊಡುತ್ತೇನೆ. ಕಾರ್ಖಾನೆಯವರ ಕಣ್ಣೆದುರೇ ಸ್ಯಾಂಪಲ್ ಎರಡು ಪಾಲು ಮಾಡಿ, ಎರಡಕ್ಕೂ ಅರಗಿನ ಸೀಲು ಒತ್ತಿ, ಇಬ್ಬರೂ ಸಹಿ ಹಾಕುತ್ತೇವೆ. "ಸಾಹೇಬ್ರು ಇಲ್ಲ" ಎಂದು ಬೇಕಂತಲೇ ತಪ್ಪಿಸಿಕೊಂಡರೆ ಅದನ್ನೂ ಬರೆದು ಲ್ಯಾಬ್‌ಗೆ ತಿಳಿಸುತ್ತೇನೆ. ಎಣ್ಣೆ, ಗ್ರೀಸ್ ಪರೀಕ್ಷೆಗೆ ಮಾತ್ರ ಬೇರೆ ಗಾಜಿನ ಬಾಟಲಿಗಳಲ್ಲಿ ನೇರವಾಗಿ ಹಿಡಿಯಬೇಕು. ಸುರಿದು ಹಂಚಿದರೆ ಜಿಡ್ಡು ಮೊದಲ ಬಾಟಲಿಯ ಗೋಡೆಗೇ ಅಂಟಿಕೊಂಡಿರುತ್ತದೆ.

ಐಸ್ ಪೆಟ್ಟಿಗೆ ಮರೆತರೆ ಕಾರ್ಖಾನೆಯವರಿಗೇ ಲಾಭ, ಗೊತ್ತಾ? ಜೀಪಿನ ಬಿಸಿಗೆ ಬಾಟಲಿಯೊಳಗಿನ ಬ್ಯಾಕ್ಟೀರಿಯಾ ಕೊಳೆಯನ್ನು ತಿನ್ನುತ್ತಾ ಹೋಗುತ್ತವೆ. ಲ್ಯಾಬ್ ಮುಟ್ಟುವಷ್ಟರಲ್ಲಿ ಬಿಒಡಿ ಇಳಿದಿರುತ್ತದೆ. ಪಿಎಚ್ (ಆಮ್ಲ-ಕ್ಷಾರದ ಅಳತೆ) ಅಂತೂ ಅಲ್ಲೇ ನಿಂತು ನೋಡಿ ಬರೆದುಕೊಳ್ಳುತ್ತೇನೆ.

ಇನ್ನೊಂದು ಅಭ್ಯಾಸ: ಲಾಗ್‌ಬುಕ್ ಕೊನೆಗೆ ನೋಡುವುದು. ಒಂದು ಕಡೆ ಶುದ್ಧೀಕರಣ ಘಟಕ ಹಗಲೂ ರಾತ್ರಿ ನಡೆದಿದೆ ಎಂದು ಅಂದವಾಗಿ ಬರೆದಿದ್ದರು. ಇಡೀ ತಿಂಗಳು ಒಂದೇ ಪೆನ್ನು, ಒಂದೇ ಕೈಬರಹ. ಕೊಳೆ ನೀರಿಗೆ ಗಾಳಿ ಊದುವ ಬ್ಲೋವರ್ ಮುಟ್ಟಿದೆ, ತಣ್ಣಗಿತ್ತು. ಬೆಲ್ಟ್ ಮೇಲೆ ಜೇಡರ ಬಲೆ. ಘಟಕದ ಕರೆಂಟ್ ಮೀಟರ್ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತ್ತು. ಮೂರನ್ನೂ ಫೋಟೋ ತೆಗೆದು ಮಹಜರಿಗೆ ಸೇರಿಸಿದೆ.

ಆ ಕೇಸು ಕೋರ್ಟಿಗೆ ಹೋಗಲೇ ಇಲ್ಲ. ಜಲ ಕಾಯ್ದೆಯ 33ಎ ಕಲಂ ಅಡಿಯಲ್ಲಿ ಕಾರ್ಖಾನೆ ಮುಚ್ಚಿಸುವ, ಕರೆಂಟ್ ಕಡಿಸುವ ಅಧಿಕಾರ ಮಂಡಳಿಗೆ ಇದೆ. ಕರೆಂಟ್ ಹೋದ ಮೇಲೆ ಮಾಲೀಕರು ಬ್ಲೋವರ್ ರಿಪೇರಿ ಬಿಲ್ ಹಿಡಿದು ಬಂದರು. ನಾನು ಮೊದಲು ನೋಡಿದ್ದು ಬಿಲ್ಲಿನ ತಾರೀಕು.