ಡೆಬಿಯನ್ ಫ್ರೀಜ್: ಪ್ಯಾಕೇಜ್ ನೋಡಿಕೊಳ್ಳುವವರ ಕೆಲಸ

ಡೆಬಿಯನ್ ಎಂಬ ಲಿನಕ್ಸ್ ವಿತರಣೆ ಬಿಡುಗಡೆಗೆ ಮುಂಚೆ ಬದಲಾವಣೆಗಳನ್ನು ಹಂತಹಂತವಾಗಿ ಬಿಗಿಗೊಳಿಸುವುದೇ ಫ್ರೀಜ್. ಹೊಸ ಅಪ್‌ಲೋಡ್ ಸಾಮಾನ್ಯವಾಗಿ ಮೊದಲು ಅನ್‌ಸ್ಟೇಬಲ್ ವಿಭಾಗಕ್ಕೆ, ಅಲ್ಲಿಂದ ಟೆಸ್ಟಿಂಗ್‌ಗೆ ಹೋಗುತ್ತದೆ. ಟೆಸ್ಟಿಂಗೇ ಮುಂದೆ ಬಿಡುಗಡೆಯಾಗುವುದು. ಡೆಬಿಯನ್ 13 (ಟ್ರಿಕ್ಸಿ) 2025ರ ಮಾರ್ಚ್ 15ಕ್ಕೆ ಟ್ರಾನ್ಸಿಶನ್ ಫ್ರೀಜ್, ಏಪ್ರಿಲ್ 15ಕ್ಕೆ ಸಾಫ್ಟ್, ಮೇ 15ಕ್ಕೆ ಹಾರ್ಡ್, ಜುಲೈ 27ಕ್ಕೆ ಫುಲ್ ಫ್ರೀಜ್ ದಾಟಿ ಆಗಸ್ಟ್ 9ಕ್ಕೆ ಬಿಡುಗಡೆಯಾಯಿತು. ಇವುಗಳಲ್ಲಿ ನಾನು ಗುರುತು ಹಾಕಿಕೊಳ್ಳುವುದು ಮೊದಲ ದಿನಾಂಕವನ್ನೇ: ಅದಾದ ಮೇಲೆ ಬೇರೆ ಪ್ಯಾಕೇಜುಗಳನ್ನೂ ಎಳೆಯುವ ದೊಡ್ಡ ಲೈಬ್ರರಿ ಬದಲಾವಣೆ (ಟ್ರಾನ್ಸಿಶನ್) ಶುರುಮಾಡುವಂತಿಲ್ಲ. ಲೈಬ್ರರಿಯ ಸೋನೇಮ್ (ಅದರ ಬೈನರಿ ಇಂಟರ್ಫೇಸ್‌ನ ಆವೃತ್ತಿ ಹೇಳುವ ಹೆಸರು) ಬದಲಾದರೆ ಅದನ್ನು ನೆಚ್ಚಿಕೊಂಡ ಪ್ಯಾಕೇಜುಗಳೆಲ್ಲ ಮತ್ತೆ ಬಿಲ್ಡ್ ಆಗಬೇಕು. ಒಂದು ಕೈಕೊಟ್ಟರೂ ಇಡೀ ಗುಂಪು ಅನ್‌ಸ್ಟೇಬಲ್‌ನಲ್ಲೇ ಉಳಿಯಬಹುದು. ಅದಕ್ಕೇ ಹೊಸ ಲೈಬ್ರರಿಯನ್ನು ಮೊದಲು ಪ್ರಯೋಗದ ವಿಭಾಗವಾದ ಎಕ್ಸ್‌ಪೆರಿಮೆಂಟಲ್‌ಗೆ ಹಾಕಿ, ಉಳಿದವನ್ನು ಅದರೊಂದಿಗೆ ಬಿಲ್ಡ್ ಮಾಡಿ ನೋಡಿದ ಮೇಲೆಯೇ ರಿಲೀಸ್ ತಂಡದ ಒಪ್ಪಿಗೆ ಕೇಳುತ್ತೇನೆ.

ಫ್ರೀಜ್ ಶುರುವಾದ ಮೇಲೆ, ಟೆಸ್ಟಿಂಗ್‌ಗೆ ಹೋಗಬಾರದ್ದನ್ನು ಅನ್‌ಸ್ಟೇಬಲ್‌ಗೆ ಹಾಕಲೇಬಾರದು. ಅಲ್ಲಿ 2.0 ಕೂತಿರುವಾಗ ಟೆಸ್ಟಿಂಗ್‌ನ 1.9ರಲ್ಲಿ ಗಂಭೀರ ಬಗ್ ಸಿಕ್ಕರೆ ನೆಟ್ಟಗಿನ ದಾರಿ ಇರುವುದಿಲ್ಲ, ಆವೃತ್ತಿಯ ನಂಬರ್ ಇಳಿಸುವಂತಿಲ್ಲ. ‘2.0+ರಿಯಲಿ1.9’ ಎಂಬಂಥ ನಂಬರ್ ಕೊಟ್ಟು ಹಿಂದೆ ಬರಬೇಕು, ಇಲ್ಲವೇ ಅನ್‌ಸ್ಟೇಬಲ್ ಬಿಟ್ಟು ನೇರ ಟೆಸ್ಟಿಂಗ್‌ಗೆ ಹೋಗುವ ಟೆಸ್ಟಿಂಗ್-ಪ್ರಪೋಸ್ಡ್-ಅಪ್‌ಡೇಟ್ಸ್ ದಾರಿ ಹಿಡಿಯಬೇಕು. ಈ ಎರಡನೆಯದು ಅನ್‌ಸ್ಟೇಬಲ್ ಬಳಸುವವರ ಕೈಗೇ ಸಿಗದೆ ಹೋಗುತ್ತದೆ. ಯಾರೂ ಓಡಿಸಿ ನೋಡದ ಬೈನರಿ ಬಿಡುಗಡೆಗೆ ಸೇರುವುದು ನನಗೆ ಒಪ್ಪಿಗೆಯಿಲ್ಲ.

ಸಾಫ್ಟ್ ಫ್ರೀಜ್ ಆದಮೇಲೆ ಟೆಸ್ಟಿಂಗ್‌ನಿಂದ ಬಿದ್ದುಹೋದ ಪ್ಯಾಕೇಜ್ ಆ ಬಿಡುಗಡೆಗೆ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ನಮ್ಮದು ಸರಿಯಿದ್ದರೂ ಡಿಪೆಂಡೆನ್ಸಿಯಲ್ಲಿ ಆರ್‌ಸಿ ಬಗ್ (ಬಿಡುಗಡೆಯನ್ನೇ ತಡೆಯುವಷ್ಟು ಗಂಭೀರ ದೋಷ) ಇದ್ದರೆ ಎರಡೂ ಹೋಗುತ್ತವೆ. ಆಟೋರಿಮೂವಲ್ (ಟೆಸ್ಟಿಂಗ್‌ನಿಂದ ತಾನಾಗಿಯೇ ತೆಗೆಯುವ) ಎಚ್ಚರಿಕೆ ಬಂದ ದಿನವೇ ಆ ಬಗ್‌ಗೆ ಪ್ಯಾಚ್ ಕಳಿಸುತ್ತೇನೆ. ಬಗ್‌ಗೆ ಮೇಲ್ ಬಂದರೆ ತೆಗೆಯುವ ಗಡುವೂ ಮುಂದೆ ಹೋಗುತ್ತದೆ.

ಹಾರ್ಡ್ ಫ್ರೀಜ್‌ನಲ್ಲಿ ಕೀ ಪ್ಯಾಕೇಜುಗಳಿಗೂ (ಬಿಡುಗಡೆಗೆ ಮುಖ್ಯವಾದವು) ಸರಿಯಾದ ಆಟೋಪಿಕೆಜಿಟೆಸ್ಟ್ (ಪ್ಯಾಕೇಜನ್ನು ತಾನಾಗಿಯೇ ಪರೀಕ್ಷಿಸುವ ಟೆಸ್ಟ್) ಇಲ್ಲದವಕ್ಕೂ ಅನ್‌ಬ್ಲಾಕ್, ಅಂದರೆ ಟೆಸ್ಟಿಂಗ್‌ಗೆ ಬಿಡಲು ರಿಲೀಸ್ ತಂಡದ ಅನುಮತಿ ಬೇಕು. ಫಾಂಟ್ ಪ್ಯಾಕೇಜುಗಳಲ್ಲಿ ಇಂಥ ಟೆಸ್ಟ್ ಅಪರೂಪ, ಹಾಗಾಗಿ ಕನ್ನಡ ಫಾಂಟೊಂದರ ಒತ್ತಕ್ಷರ ಸರಿಪಡಿಸಲೂ ಕೇಳಿಕೊಳ್ಳಬೇಕಾದೀತು. ಬಗ್ ವರದಿ ಕಳಿಸುವ ರಿಪೋರ್ಟ್‌ಬಗ್‌ನಲ್ಲಿ ಕಾರಣ, ಪರಿಣಾಮ, ಪರೀಕ್ಷೆ, ಅಪಾಯ ಎಲ್ಲ ತುಂಬಿ ಡೆಬ್‌ಡಿಫ್ (ಹಳೆಯ, ಹೊಸ ಪ್ಯಾಕೇಜುಗಳ ವ್ಯತ್ಯಾಸ) ಲಗತ್ತಿಸುತ್ತೇನೆ. ಕಳಿಸುವ ಮುಂಚೆ ಆ ಡಿಫ್ಫನ್ನು ಸಾಲು ಸಾಲಾಗಿ ಓದುತ್ತೇನೆ: ಡೆಬ್‌ಹೆಲ್ಪರ್ ಎಂಬ ಬಿಲ್ಡ್ ಸಾಧನದ ಕಂಪ್ಯಾಟ್ ಮಟ್ಟ ಏರಿಸಿದ್ದು, ಕಂಟ್ರೋಲ್ ಫೈಲಿನ ಸಾಲು ಅಂದವಾಗಿ ಜೋಡಿಸಿದ್ದು, ಬಗ್‌ಗೆ ಸಂಬಂಧಿಸದ ಸ್ಪೇಸ್ ಬದಲಾವಣೆ, ಎಲ್ಲ ತೆಗೆದುಹಾಕುತ್ತೇನೆ. ಓದುವ ರಿಲೀಸ್ ತಂಡದವರ ಮುಂದೆ ಇಂಥ ಮನವಿಗಳ ರಾಶಿಯೇ ಇರುತ್ತದೆ. ಹತ್ತು ಸಾಲಿನ ಡಿಫ್ ಬೇಗ ದಾಟುತ್ತದೆ. ಆಟೋಟೂಲ್ಸ್ ಹುಟ್ಟಿಸಿದ ಕಾನ್ಫಿಗರ್ ಫೈಲಿನಂಥವನ್ನು ಫಿಲ್ಟರ್‌ಡಿಫ್‌ನಿಂದ ಸೋಸಿ, ಏನು ಸೋಸಿದೆ ಎಂದೂ ಬರೆಯುತ್ತೇನೆ. ಬದಲಾವಣೆ ದೊಡ್ಡದಾದರೆ ಅಪ್‌ಲೋಡ್‌ಗೆ ಮುಂಚೆಯೇ ಒಪ್ಪಿಗೆ ಕೇಳುವುದು ಲೇಸು. ಯುಡೆಬ್ (ಇನ್‌ಸ್ಟಾಲರ್ ಬಳಸುವ ಕಿರು ಪ್ಯಾಕೇಜ್) ಇರುವ ಪ್ಯಾಕೇಜಾದರೆ ಇನ್‌ಸ್ಟಾಲರ್ ತಂಡದವರೂ ಹೂಂ ಅನ್ನಬೇಕು, ಅದಕ್ಕೆ ಇನ್ನೂ ಕೆಲವು ದಿನ ಹಿಡಿಯುತ್ತದೆ.