ಮುಂಬೈಯಾಗ ಕುಂತು ನಮ್ಮ ಹಳೇ ಕಲಾದಗಿ ಜಿಲ್ಲಾದ, ಲೋಕಲ್ ಬೋರ್ಡಿನ ಇತಿಹಾಸ ಹುಡುಕೋದು ಹೆಂಗ

ನಮ್ಮ ಅಜ್ಜ ಯಾವಾಗ್ಲೂ "ಬೋರ್ಡಿನ ಸಾಲಿ", "ಬೋರ್ಡಿನ ರಸ್ತಾ" ಅಂತಿದ್ದ, ಸರ್ಕಾರಿ ಸಾಲಿ ಅನ್ನೋ ಮಾತು ಅವನ ಬಾಯಾಗ ಬರ್ತಿರ್ಲಿಲ್ಲ. ಆ ಬೋರ್ಡು ಅಂದ್ರ ಜಿಲ್ಲಾ ಲೋಕಲ್ ಬೋರ್ಡು, ಹಳ್ಳಿ ಸಾಲಿ, ರಸ್ತಾ ನೋಡ್ಕೊಳ್ಳೋ ಆಗಿನ ಸ್ಥಳೀಯ ಸಂಸ್ಥೆ. ಬಾಗಲಕೋಟಿ, ಬಿಜಾಪುರ ಕಡಿಯವ್ರು ಡೊಂಬಿವಲಿ, ಠಾಣೆ, ಪುಣೆದಾಗ ಭಾಳ ಮಂದಿ ಇದ್ದೀವಿ, ಊರಿನ ಹಳೇ ಕಾಗದ ನೋಡಬೇಕಂದ್ರ ಬೆಂಗಳೂರಿಗೇ ಹೋಗಬೇಕು ಅಂತ ತಿಳ್ಕೊಂಡಿರ್ತೀವಿ, ಆದ್ರ 1956ರ ನವೆಂಬರ್ 1ರ ತನಕ ನಮ್ಮ ಜಿಲ್ಲಾ ಮುಂಬೈ ಸರ್ಕಾರದ ಕೈಯಾಗ ಇತ್ತಲ್ರೀ, ಅದಕ್ಕ ಆ ಕಾಲದ ಸೆಕ್ರೆಟರಿಯೇಟ್ ಫೈಲು ಇಲ್ಲೇ ಮುಂಬೈದ ಫೋರ್ಟ್ ಭಾಗದಾಗ ಅದಾವ, ನಮ್ಮ ಮನಿಯಿಂದ ಒಂದು ಲೋಕಲ್ ಟ್ರೇನಿನ ದೂರ.

ಮೊದಲ ಹೆಸರು ಸರಿ ಮಾಡ್ಕೋರಿ, ಯಾಕಂದ್ರ ಎಲ್ಲಾರೂ ಎಡವೋದು ಇಲ್ಲೇ. ನಾನೂ ಶುರುವಿಗೆ ಬಾಗಲಕೋಟ ಜಿಲ್ಲಾ ಅಂತ ಹುಡುಕಿ ಏನೂ ಸಿಗದ ವಾಪಸ್ ಬಂದಿದ್ದೆ. ಬಾಗಲಕೋಟ ಬ್ಯಾರೆ ಜಿಲ್ಲಾ ಆಗಿದ್ದು 1997ರಾಗ. ಅದಕ್ಕಿಂತ ಹಿಂದ ಬಿಜಾಪುರ, ಅದಕ್ಕೂ ಹಿಂದ, 1864ರಿಂದ, ಕಲಾದಗಿ ಜಿಲ್ಲಾ. ಇವತ್ತು ಘಟಪ್ರಭಾ ದಂಡಿ ಮ್ಯಾಲಿನ ಆ ಸಣ್ಣ ಊರಾಗ ಒಂದು ಕಾಲಕ್ಕ ಕಲೆಕ್ಟರ್ ಕಚೇರಿ ಇತ್ತು, ಅದು ಬಿಜಾಪುರಕ್ಕ ಹೋಗಿದ್ದು 1885ರಾಗ. ಇಂಗ್ಲಿಷಿನ್ಯಾಗ ಸ್ಪೆಲ್ಲಿಂಗೂ ಬ್ಯಾರೆ ಬ್ಯಾರೆ, ಕಲಾದಗಿ ಒಂದೊಂದು ಕಡೆ ಕುಲ್ಲಾಡ್ಗೀ ಆಗೈತಿ, ಧಾರವಾಡ ಅಂತೂ ಧಾರ್ವಾರ್.

ಆಮ್ಯಾಲೆ ಗೆಜೆಟಿಯರ್, ಅಂದ್ರ ಬ್ರಿಟಿಷ್ ಸರ್ಕಾರ ಜಿಲ್ಲಾವಾರು ಬರೆಸಿದ ಮಾಹಿತಿ ಪುಸ್ತಕ, ತೆಗೀರಿ. ಕ್ಯಾಂಪ್‌ಬೆಲ್ ಸಂಪಾದಿಸಿದ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರಿನ 23ನೇ ಸಂಪುಟ ಬಿಜಾಪುರದ್ದು, 1884ರದ್ದು, ನೆಟ್ಟಿನ್ಯಾಗ ಪುಕ್ಕಟ ಸಿಗ್ತೈತಿ. ಬೆಳಗಾವಿಯವ್ರಿಗೆ 21, ಧಾರವಾಡದವ್ರಿಗೆ 22, ಕಾರವಾರದ ಕಡಿಯವ್ರಿಗೆ 15. ಎಲ್ಲಾ ಓದಾಕ ಹೋಗಬ್ಯಾಡ್ರಿ, ರೆವಿನ್ಯೂ ಅಧ್ಯಾಯದಾಗ ಲೋಕಲ್ ಫಂಡ್ ಅನ್ನೋ ಭಾಗ ಹುಡುಕ್ರಿ. ಇದೇ ಬೋರ್ಡಿನ ಬೇರು. ಭೂಮಿ ಪಟ್ಟಿ ಮ್ಯಾಲೆ ರೂಪಾಯಿಗೆ ಒಂದು ಆಣೆ ಸೆಸ್ (ಹೆಚ್ಚುವರಿ ತೆರಿಗೆ) ತಗೊಂಡು ಮೂರರಾಗ ಎರಡು ಪಾಲು ರಸ್ತಾಕ್ಕ, ಒಂದು ಪಾಲು ಸಾಲಿಗೆ ಇಡ್ತಿದ್ರು. ಲೆಕ್ಕ ಹಾಕಿ ನೋಡ್ರಿ, 12 ರೂಪಾಯಿ ಪಟ್ಟಿ ಕಟ್ಟೋ ರೈತ 12 ಆಣೆ ಹೆಚ್ಚಿಗಿ ಕೊಡ್ತಿದ್ದ, ಅದರಾಗ 8 ಆಣೆ ರಸ್ತಾಕ್ಕ, 4 ಆಣೆ ಅಕ್ಷರಕ್ಕ. ನಮ್ಮ ಹಳ್ಳಿ ಸಾಲಿ ನಡೆದಿದ್ದು ಅವರ ಬೆವರಿನ ಆಣೆಯಿಂದ ಅಂತ ಗೊತ್ತಾದಾಗ ನನಗ ಭಾಳ ಹೊತ್ತು ಮುಂದಿನ ಪುಟ ತಿರುವಾಕ ಮನಸ್ಸಾಗ್ಲಿಲ್ಲ.

ಗೆಜೆಟಿಯರಿನ್ಯಾಗ ಬೋರ್ಡು ಪೂರ್ತಿ ಸಿಗಂಗಿಲ್ಲ, ಯಾಕಂದ್ರ ವೈಸರಾಯ್ ರಿಪನ್ ಸಾಹೇಬನ ಸ್ಥಳೀಯ ಆಡಳಿತದ 1882ರ ಠರಾವು ಆದ ಮ್ಯಾಲೆ 1884ರ ಕಾಯ್ದೆ ಬಂದು ಜಿಲ್ಲಾಕ್ಕೊಂದು, ತಾಲೂಕಿಗೊಂದು ಬೋರ್ಡು ಆದ್ವು, ಶುರುವಿಗೆ ಜಿಲ್ಲಾ ಬೋರ್ಡಿಗೆ ಕಲೆಕ್ಟರೇ ಅಧ್ಯಕ್ಷ. ಮುಂದ 1923ರಾಗ ಹೊಸ ಕಾಯ್ದೆ. ಈ ಕಾಲದ್ದು ಬೇಕಂದ್ರ ಕಾಳಾ ಘೋಡಾದಾಗ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಾಗ ಇರೋ ಮಹಾರಾಷ್ಟ್ರ ರಾಜ್ಯ ಪುರಾಭಿಲೇಖಾಗಾರಕ್ಕ ಹೋಗ್ರಿ. ಸಿಎಸ್‌ಎಂಟಿ ಸ್ಟೇಷನ್ನಿನಿಂದ ನಡ್ಕೊಂತ ಹೋಗಬಹುದು. ಹೋಗೂಕಿಂತ ಮೊದಲ ಟೈಮು, ಪರವಾನಗಿ ವಿಚಾರಿಸ್ರಿ. ವರ್ಷ, ಡಿಪಾರ್ಟ್‌ಮೆಂಟು, ಜಿಲ್ಲಾ ಮೂರೂ ಒಂದು ಚೀಟಿ ಮ್ಯಾಲೆ ಬರ್ಕೊಂಡು ಹೋಗ್ರಿ, ರೆವಿನ್ಯೂ ಮತ್ತ ಜನರಲ್ ಡಿಪಾರ್ಟ್‌ಮೆಂಟಿನ ಕ್ಯಾಟಲಾಗ್ ಮೊದಲ ನೋಡ್ರಿ. ಹಾಳಿ ಮುಟ್ಟಿದ್ರ ಮುರಿಯೋವಂಗ ಇರ್ತಾವ, ಸಾವಕಾಶ.

ನಿಮ್ಮ ಊರು ಜಮಖಂಡಿ, ಮುಧೋಳ ಕಡೀದಾಗಿದ್ರ ಒಂದು ಮಾತು ನೆನಪಿಡ್ರಿ, ಅವು ಸಂಸ್ಥಾನ ಇದ್ವು, ಮುಂಬೈ ಪ್ರಾಂತದಾಗ ಸೇರಿದ್ದು 1948ರಾಗ. ಅದಕ್ಕ ಅದರ ಹಿಂದಿನ ಬೋರ್ಡಿನ ಲೆಕ್ಕದಾಗ ನಿಮ್ಮ ಊರಿನ ಹೆಸರು ಇರಂಗಿಲ್ಲ. ಬೋರ್ಡಿನ ತಾಲೂಕುಗಳು ಗೆಜೆಟಿಯರ್ ಕಾಲಕ್ಕ ಎಂಟೇ: ಇಂಡಿ, ಸಿಂದಗಿ, ಬಿಜಾಪುರ, ಬಾಗೇವಾಡಿ, ಮುದ್ದೇಬಿಹಾಳ, ಬಾಗಲಕೋಟ, ಬಾದಾಮಿ, ಹುನಗುಂದ.

1956ರ ಮುಂದಿನದಕ್ಕ ಮುಂಬೈ ಕೆಲಸಕ್ಕ ಬರಂಗಿಲ್ಲ. ಮೈಸೂರು ರಾಜ್ಯದ 1959ರ ಕಾಯ್ದೆಯಿಂದ ತಾಲೂಕು ಡೆವಲಪ್‌ಮೆಂಟ್ ಬೋರ್ಡು ಬಂದ್ವು, 1983ರ ಕಾಯ್ದೆಯಿಂದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿ, ಈಗಿರೋದು 1993ರ ಕಾಯ್ದೆದ್ದು.

ಇನ್ನ ದೀಪಾವಳಿಗೆ ಊರಿಗೆ ಹೋದಾಗ ಸಾಲಿಗೆ ಹೋಗಿ ಹಳೇ ಜನರಲ್ ರಜಿಸ್ಟರ್ (ಸಾಲಿಗೆ ಸೇರಿದ ಹುಡುಗರ ದಾಖಲೆ) ತೋರಸ್ರಿ ಅಂತ ಹೆಡ್‌ಮಾಸ್ತರ ಹತ್ರ ಕೇಳ್ರಿ. ಮನ್ಯಾಗಿನ ಟ್ರಂಕಿನ್ಯಾಗ ಅಜ್ಜನ ಮುಲ್ಕಿ (ಆಗಿನ ಪ್ರಾಥಮಿಕ ಸಾಲಿ ಕೊನೇ) ಪರೀಕ್ಷೆ ಸರ್ಟಿಫಿಕೇಟು, ಪಟ್ಟಿ ಕಟ್ಟಿದ ಪಾವತಿ ಇದ್ರ ಲ್ಯಾಮಿನೇಶನ್ ಮಾಡಿಸಬ್ಯಾಡ್ರಿ, ಹಾಳಿ ಕೆಡ್ತೈತಿ. ಬಿಸಲಿಲ್ಲದ ಕಡೆ ಇಟ್ಟು ಎರಡೂ ಬದಿ ಫೋಟೋ ತಗೋರಿ, ಪಾವತಿಯೊಳಗ ಲೋಕಲ್ ಫಂಡ್ ಅಂತ ಬರೆದ ಸಾಲು ಓದಾಕ ಬರೋವಂಗ.