ಬೇವಿನ ಮರಕ್ಕೂ ಒಂದು ಹಾಜರಿ ಪುಸ್ತಕ

ನಮ್ಮ ಕಲಬುರಗಿ ಕಡೆ ಯುಗಾದಿ ಎಂದರೆ ಕುಡಿಯುವ ಬೇವು. ಪುಟಾಣಿ ಹಿಟ್ಟು, ಬೆಲ್ಲ, ಮಾವಿನಕಾಯಿ ಚೂರು, ಮೇಲೆ ಬೇವಿನ ಹೂ. ಕೆಲವು ವರ್ಷ ಅಂಗಳದ ತುಂಬ ಹೂ ಉದುರಿರುತ್ತದೆ. ಕೆಲವು ವರ್ಷ ಒಂದು ಹಿಡಿ ಹೂವಿಗಾಗಿ ಊರೆಲ್ಲ ಅಲೆಯಬೇಕು. ಹೂ ಸಿಗದ ವರ್ಷ ಹಿರಿಯರು "ಕಾಲ ಕೆಟ್ಟದ" ಎಂದು ಮಾತು ಮುಗಿಸಿಬಿಡುತ್ತಾರೆ.

ನಾನು ಆಳಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹೈಸ್ಕೂಲ್ ವಿಜ್ಞಾನ ಮೇಷ್ಟ್ರು. ಕಾಲ ನಿಜವಾಗಿಯೂ ಕೆಟ್ಟಿದೆಯಾ ಎಂದು ಮಕ್ಕಳು ಕೇಳಿದಾಗ ಮೊದಲು ಕ್ಯಾಲೆಂಡರ್ ತೆಗೆಸಿದೆ. ಯುಗಾದಿ 2023ರಲ್ಲಿ ಮಾರ್ಚ್ 22ಕ್ಕೆ ಬಂದಿತ್ತು, 2024ರಲ್ಲಿ ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ. ಮಧ್ಯೆ ಅಧಿಕ ಮಾಸ ಬಂದರೆ ಹಬ್ಬ ಎರಡು ವಾರಕ್ಕಿಂತ ಜಾಸ್ತಿ ಮುಂದೆ ಹೋಗುತ್ತದೆ. ಮರ ಪ್ರತಿ ವರ್ಷ ಅದೇ ತಾರೀಖಿಗೆ ಹೂ ಬಿಟ್ಟರೂ ಹಬ್ಬವೇ ನಿಂತಲ್ಲಿ ನಿಲ್ಲುವುದಿಲ್ಲ, ಅಲ್ವಾ? ಕೆಟ್ಟಿದ್ದು ಕಾಲವೋ, ಸರಿದಿದ್ದು ಪಂಚಾಂಗವೋ ಎಂದು ಹೇಳಬೇಕಾದರೆ ಹೂ ಬಿಟ್ಟ ತಾರೀಖು ಬರೆದಿಟ್ಟಿರಬೇಕು. ಊರಲ್ಲಿ ಯಾರೂ ಬರೆದಿಟ್ಟಿರಲಿಲ್ಲ. ಜಪಾನಿನ ಕ್ಯೋಟೊದಲ್ಲಿ ಚೆರ್ರಿ ಹೂವಿನ ದಾಖಲೆ 9ನೇ ಶತಮಾನದಿಂದ ಇದೆ. ಅದಿದ್ದದ್ದರಿಂದಲೇ 2021ರ ಮಾರ್ಚ್ 26ಕ್ಕೆ ಅಲ್ಲಿ ಹೂ ತುಂಬಿ ಅರಳಿದಾಗ, ಇದು 1,200 ವರ್ಷಗಳಲ್ಲೇ ಎಲ್ಲಕ್ಕಿಂತ ಬೇಗ ಎಂದು ಹೇಳಲು ಬಂತು.

ನಾವು ಹಿಡಿದ ದಾರಿ ಸೀಸನ್‌ವಾಚ್. ಮರಗಳು ಯಾವಾಗ ಚಿಗುರುತ್ತವೆ, ಯಾವಾಗ ಹೂ ಕಾಯಿ ಬಿಡುತ್ತವೆ ಎಂದು ಜನರೇ ನೋಡಿ ಬರೆದಿಡುವ ಕೆಲಸ ಇದು, ನಡೆಸುವುದು ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ಸಂಸ್ಥೆ. ದೇಶದ ಯಾರು ಬೇಕಾದರೂ ಸೇರಬಹುದು, ದುಡ್ಡು ಕೊಡಬೇಕಿಲ್ಲ. ಅವರ ಪಟ್ಟಿಯಲ್ಲಿ ನೂರಕ್ಕೂ ಹೆಚ್ಚು ಜಾತಿಯ ಮರಗಳಿವೆ. ಬೇವು, ಹುಣಸೆ, ಮಾವು, ಹೊಂಗೆ, ಎಲ್ಲ ನಮ್ಮವೇ. ಕೇರಳದ ಶಾಲಾ ಮಕ್ಕಳು ಇದರಲ್ಲಿ ಬಹಳ ಮುಂದಿದ್ದಾರೆ. ವಿಷುವಿಗೆ ಬೇಕಾದ ಕಕ್ಕೆ ಹೂ ಬೇರೆ ತಿಂಗಳುಗಳಲ್ಲೂ ಅರಳುತ್ತಿದೆ ಎಂಬುದು ಇಂಥ ದಾಖಲೆಗಳಲ್ಲಿ ಕಾಣುತ್ತದೆ. ಅವರಿಗೆ ಒಂದು ಅನುಕೂಲ ಇದೆ ನೋಡಿ. ವಿಷು ಸೌರಮಾನದ ಹಬ್ಬ, ಏಪ್ರಿಲ್ ಮಧ್ಯ ಬಿಟ್ಟು ಕದಲುವುದಿಲ್ಲ. ನಮಗೆ ಆ ಭಾಗ್ಯ ಇಲ್ಲ. ವಾರ ವಾರ ನೋಡಿ ಬರೆಯಲೇಬೇಕು.

ಕೆಲಸ ಸರಳ. ಒಂದು ಮರ ಆರಿಸಿ, ಅದನ್ನು ಆ್ಯಪ್‌ನಲ್ಲಿ ನೋಂದಾಯಿಸಿ, ವಾರಕ್ಕೊಮ್ಮೆ ಅದೇ ಮರ ನೋಡಬೇಕು. ಚಿಗುರು, ಬಲಿತ ಎಲೆ, ಮೊಗ್ಗು, ಅರಳಿದ ಹೂ, ಕಾಯಿ, ಹಣ್ಣು, ಒಂದೊಂದಕ್ಕೂ ಮೂರರಲ್ಲಿ ಒಂದು ಉತ್ತರ: ಇಲ್ಲ, ಕಡಿಮೆ, ಜಾಸ್ತಿ. ಮರದ ಮೂರನೇ ಒಂದು ಭಾಗ ಮೀರಿದರೆ ಜಾಸ್ತಿ. ಮೊಬೈಲ್ ಎಲ್ಲ ಮಕ್ಕಳ ಬಳಿ ಇರುವುದಿಲ್ಲ, ಹಾಗಾಗಿ ಹಾಳೆ ಮೇಲೆ ಬರೆಸಿ ನಾನು ಏರಿಸುತ್ತೇನೆ. ಊರವರು ಮೊದಮೊದಲು ನಕ್ಕರು. "ಮರಕ್ಕೂ ಹಾಜರಿ ಹಾಕ್ತೀರೇನ್ರಿ ಸರ?" ಎಂದರು. ಹೂಂ, ಹಾಕುತ್ತೇವೆ.

ಜಗಳ ಬರುವುದು ಕಡಿಮೆ–ಜಾಸ್ತಿ ನಡುವೆ. ಒಂದು ಸಲ ಒಂಬತ್ತನೆಯ ಕ್ಲಾಸಿನ ಇಬ್ಬರು ಒಂದೇ ಬೇವಿನ ಕೆಳಗೆ ನಿಂತು ಕಿತ್ತಾಡಿದರು. ಒಬ್ಬಳು "ಹೂ ಭಾಳ ಅದಾವ್ರಿ" ಅಂತಾಳೆ, ಇನ್ನೊಬ್ಬ "ಎಲ್ಲ್ಯದಾವ, ನಾಕ ಗೊಂಚಲ ಅಷ್ಟ" ಅಂತಾನೆ. ಅವಳು ನಿಂತಿದ್ದು ರಸ್ತೆ ಕಡೆ, ಬಿಸಿಲು ಬೀಳುವಲ್ಲಿ. ಅವನಿದ್ದದ್ದು ಗೋಡೆ ಕಡೆ. ಅವತ್ತಿನಿಂದ ಮರದ ಸುತ್ತ ಒಂದು ಸುತ್ತು ಹಾಕದೆ ಪೆನ್ನು ಮುಟ್ಟುವಂತಿಲ್ಲ ಎಂದು ಮಕ್ಕಳೇ ನಿಯಮ ಮಾಡಿಕೊಂಡರು. ಬೇವಿನ ಮೊಗ್ಗು ಜೋಳದ ಕಾಳಿಗಿಂತ ಸಣ್ಣದು, ಕೆಳಗಿನಿಂದ ನೋಡಿದರೆ ಹೂ ಯಾವುದು ಮೊಗ್ಗು ಯಾವುದು ತಿಳಿಯುವುದಿಲ್ಲ. ಬಾಗಿದ ಟೊಂಗೆಯನ್ನು ಕೈಗೆ ಎಳೆದುಕೊಂಡು ಗೊಂಚಲನ್ನು ಹತ್ತಿರದಿಂದ ನೋಡಬೇಕು. ನೆಲದ ಮೇಲೆ ಬಿಳಿ ಎಸಳು ಬಿದ್ದಿದ್ದರೆ ಮೇಲೆ ಅರಳಿದೆ ಅಂತಲೇ ಅರ್ಥ.

ಮಕ್ಕಳಿಗೆ ಒಪ್ಪಿಸಲು ಕಷ್ಟವಾಗಿದ್ದು "ಇಲ್ಲ" ಎಂಬ ಉತ್ತರ. ಆರು ಕಾಲಂಗೆ ಐದರಲ್ಲಿ "ಇಲ್ಲ" ಎಂದು ಬರೆಯುವಾಗ ಹೋಂವರ್ಕ್ ಮಾಡದೆ ಬಂದವರ ಮುಖ ಅವರದು. ಆದರೆ ನನ್ನ ಮಟ್ಟಿಗೆ ಇಡೀ ಹಾಳೆಯಲ್ಲಿ ಬೆಲೆಯುಳ್ಳದ್ದು ಅದೇ. ಈ ವಾರ ಹೂ ಇದೆ ಎಂದರೆ ಹೂ ಬಂದಿದೆ ಎಂದಷ್ಟೇ ಗೊತ್ತಾಗುತ್ತದೆ. ಹೋದ ವಾರ "ಇಲ್ಲ" ಎಂದು ಬರೆದಿದ್ದರೆ ಮಾತ್ರ ಯಾವಾಗ ಬಂತು ಎಂಬುದೂ ಗೊತ್ತಾಗುತ್ತದೆ. ಹೂ ಕಂಡ ದಿನ ಫೋಟೊ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕುವವರು ಬೇಕಾದಷ್ಟು ಜನ ಇದ್ದಾರೆ. ಬೋಳು ಮರ ನೋಡಿ ಬರೆಯುವವರು ಬೇಕು.

ಮರ ತಾನಾಗಿ ಮಾಡುವುದು ಯಾವುದು, ನಾವು ಮಾಡಿಸುವುದು ಯಾವುದು ಎಂಬುದನ್ನೂ ಬೇರೆ ಮಾಡಬೇಕು. ಆಡಿಗೆ ಮೇವೆಂದು, ತಂತಿಗೆ ತಾಗುತ್ತದೆಂದು ಟೊಂಗೆ ಕಡಿಯುತ್ತಾರೆ. ಕಡಿದ ಬೇವು ಅಕಾಲದಲ್ಲಿ ಕೆಂಪು ಚಿಗುರು ಬಿಡುತ್ತದೆ. ಬೇವು ಎಲೆ ಉದುರಿಸಿ ಚಿಗುರುವುದು ಫೆಬ್ರವರಿ–ಮಾರ್ಚ್‌ನಲ್ಲಿ. ನವೆಂಬರಿನಲ್ಲಿ ಚಿಗುರು ಕಂಡರೆ ನಾನು ಮೊದಲು ಕೇಳುವುದು "ಯಾರು ಕಡಿದರು?" ಎಂದು. ಇನ್ನೊಂದು, ಟೊಂಗೆ ಒಣಗುವ ರೋಗ. 2021ರಲ್ಲಿ ಪಕ್ಕದ ತೆಲಂಗಾಣದಲ್ಲಿ ಬೇವುಗಳು ತುದಿಯಿಂದ ಒಣಗಿ ಕಂದಾಗಿ ಜನ ಗಾಬರಿಯಾಗಿದ್ದರು. ಫೊಮೊಪ್ಸಿಸ್ ಎಂಬ ಶಿಲೀಂಧ್ರ ಅದಕ್ಕೆ ಕಾರಣ. ಮಳೆಗಾಲದ ಹೊತ್ತಿಗೆ ಶುರುವಾಗುತ್ತದೆ. ರೋಗದಿಂದ ಒಣಗಿದ ಎಲೆಯನ್ನು ಬೇಸಿಗೆಯ ಎಲೆ ಉದುರುವಿಕೆ ಎಂದು ಬರೆದರೆ ಲೆಕ್ಕವೇ ತಪ್ಪುತ್ತದೆ. ಅದಕ್ಕೇ ಹಾಳೆಯ ಅಂಚಿನಲ್ಲಿ "ಟೊಂಗಿ ಕಡಿದಾರ", "ತುದಿ ಒಣಗ್ಯದ" ಎಂದು ಮಕ್ಕಳ ಮಾತಿನಲ್ಲೇ ಟಿಪ್ಪಣಿ ಹಾಕಿಸುತ್ತೇನೆ.

ಎಲ್ಲಕ್ಕಿಂತ ದೊಡ್ಡ ತಲೆನೋವು ಬೇಸಿಗೆ ರಜೆ. ಬೇವು ಹೂ ಬಿಟ್ಟು ಕಾಯಿ ಕಟ್ಟುವ ಏಪ್ರಿಲ್–ಮೇ ತಿಂಗಳಲ್ಲೇ ಶಾಲೆಗೆ ಬೀಗ. ಆದ್ದರಿಂದ ಶಾಲೆ ಅಂಗಳದ ಮರ ಬಿಟ್ಟು, ಅವರವರ ಮನೆ ಹತ್ತಿರದ ಮರ ಕೊಟ್ಟೆ. ಅದೂ ಪೂರ್ತಿ ಸಾಲಲಿಲ್ಲ. ನಮ್ಮ ಕಡೆಯಿಂದ ಪುಣೆ, ಮುಂಬೈಗೆ ದುಡಿಯಲು ಹೋಗುವ ಕುಟುಂಬಗಳು ಬಹಳ, ಮಕ್ಕಳೂ ಜೊತೆಗೆ ಹೋಗುತ್ತಾರೆ. ಹಾಗೆ ಪುಣೆಗೆ ಹೊರಟ ಹುಡುಗಿಯೊಬ್ಬಳು ಅಲ್ಲಿನ ಮರ ಬರೆಯಬಹುದಾ ಎಂದು ಕೇಳಿದಳು. ಖಂಡಿತ ಬರೆಯಬಹುದು, ಒಂದೇ ಸಲ ನೋಡಿದ ಮರಕ್ಕೂ ಆ್ಯಪ್‌ನಲ್ಲಿ ಜಾಗ ಇದೆ. ಊರಿನ ಮರವನ್ನು ಆಕೆ ಕಿರಾಣಿ ಅಂಗಡಿಯವರಿಗೆ ವಹಿಸಿ ಹೋದಳು. ಅವರು ವಾರ ತಪ್ಪಿಸುವುದಿಲ್ಲ. ಒಂದೇ ತಕರಾರು: "ಬರೇ ಇಲ್ಲ ಇಲ್ಲ ಅಂತ ಬರೀಬೇಕಂದ್ರ ಅಂಗಡ್ಯಾಗ ಚಲೋ ಅಲ್ರಿ ಸರ."